ಇಳಿದುಹೋದ ಕೆಂಪು

ನಮ್ಮೂರ ಕನ್ನಡ ಸಾಲಿಯ ಹೊಸ ಬೋರಿನ ನೀರನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದದ್ದು, ಹನಿ ಎಣಿಸಿ ಹಾಕುವಾಗ ನನ್ನ ಕೈ ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಊರಿನ ಕೆಲವು ಹೆಣ್ಣುಮಕ್ಕಳನ್ನು ರಾಮದುರ್ಗಕ್ಕೆ ಕರೆಸಿ ತರಬೇತಿ ಕೊಟ್ಟು, ಬರುವಾಗ ಒಂದು ನೀಲಿ ಪೆಟ್ಟಿಗೆ ಕೈಗಿಟ್ಟಿದ್ದರು. ಅದರೊಳಗೆ ಗಾಜಿನ ಟ್ಯೂಬುಗಳು, ಬೆರಳುದ್ದದ ಬಾಟಲಿಗಳಲ್ಲಿ ಔಷಧ, ಬಣ್ಣ ಹೋಲಿಸಿ ನೋಡಲು ಒಂದು ಕಾರ್ಡು. ಉಳಿದವರಿಗೆ ಹೊಲ, ದನ, ಎದೆಹಾಲು ಕುಡಿಯುವ ಕೂಸು. ನನ್ನದು ಮನೆಯೊಳಗಿನ ಕೆಲಸ, ನಡುವೆ ಒಂದಿಷ್ಟು ಬಿಡುವು ಸಿಗುತ್ತದೆ. ಹಾಗಾಗಿ ಪೆಟ್ಟಿಗೆ ನಮ್ಮ ಅಡುಗೆಮನೆಯ ಮಾಡದಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ಬಂದು ಕುಳಿತಿತು.

ನಮ್ಮ ಮನೆಯವರು ಅದನ್ನು ನೋಡಿ ನಕ್ಕಿದ್ದರು. "ಸಾರಿಗೆ ಉಪ್ಪು ಕೈಯಳತಿ, ನೀರಿಗೆ ಮಾತ್ರ ಹನಿ ಲೆಕ್ಕ! ಇದ ಶಿಸ್ತು ಸಾರಿಗೂ ಬರಲಿ."

ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯ ನಮ್ಮ ಊರಿನಲ್ಲಿ ನೀರಿಗೆ ಬರವಿಲ್ಲ, ನೀರಿನೊಳಗಿನ ಫ್ಲೋರೈಡಿಗೂ ಇಲ್ಲ. ಫ್ಲೋರೈಡ್ ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೆ ತಿಳಿಯುವುದಿಲ್ಲ. ಹಲ್ಲಿಗೆ ಮಾತ್ರ ತಿಳಿಯುತ್ತದೆ, ಅದೂ ಕುಡಿದು ವರ್ಷಗಳಾದ ಮೇಲೆ. ಸಾಲಿಯ ಹಳೇ ಬೋರಿನ ನೀರು ಕುಡಿಯಲು ಬಾರದು ಎಂದು ಮೊದಲೇ ಗೊತ್ತಾಗಿತ್ತು. ಅದಕ್ಕೇ ಮಕ್ಕಳಿಗೆ ಕುಡಿಯಲು, ಬಿಸಿಯೂಟಕ್ಕೆ, ಎಲ್ಲಕ್ಕೂ ಊರ ಆ ತುದಿಯ ಶುದ್ಧ ನೀರಿನ ಘಟಕದಿಂದ ಕೊಡ ಹೊತ್ತು ತರುತ್ತಿದ್ದಾಕೆ ಸಾಲಿಯಲ್ಲಿ ಅಡುಗೆ ಮಾಡುವ ಭಾಭಿ. ಮಾಸ್ತರರಿಂದ ಹಿಡಿದು ಒಂದನೇ ಇಯತ್ತೆಯ ಮಕ್ಕಳವರೆಗೆ ಎಲ್ಲರಿಗೂ ಆಕೆ ಭಾಭಿಯೇ. ಗಂಡ ಟಂಟಂ ಗಾಡಿ ಹೊಡೆಯುತ್ತಾನೆ. ದೊಡ್ಡ ಮಗಳು ಹೈಸ್ಕೂಲಿಗೆ ಹೋಗುತ್ತಾಳೆ, ಸಣ್ಣಾಕೆ ಇದೇ ಸಾಲಿಯಲ್ಲಿ ಒಂದನೇ ಇಯತ್ತೆ. ಘಟಕ ಕೆಟ್ಟ ದಿನ ಕೊಡ ಖಾಲಿ. ಬಾಯಾರಿದ ಮಕ್ಕಳು ಹಳೇ ಬೋರಿನ ನಳಕ್ಕೇ ಬಾಯಿ ಹಚ್ಚುತ್ತಿದ್ದವು. ಯಾರು ಎಷ್ಟು ಹೊತ್ತು ಕಾವಲು ನಿಂತಾರು?

ಆದ್ದರಿಂದ ಹೊಸ ಬೋರು ಕೊರೆದಾಗ ಇಡೀ ಊರು ಆಸೆಯಿಂದ ನೋಡಿತು. ನೀರು ಬಿತ್ತು. ಇನ್ನು ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದೊಂದೇ ಉಳಿದದ್ದು.

ನಾನು ಪೆಟ್ಟಿಗೆ ಹಿಡಿದು ಸಾಲಿಗೆ ಹೋಗುವಷ್ಟರಲ್ಲಿ ಕರೆಂಟು ಹೋಗಿತ್ತು. ತರಬೇತಿಯಲ್ಲಿ ಹೇಳಿದ್ದರು: ನೀರನ್ನು ಮೂಲದಲ್ಲೇ ಹಿಡಿಯಬೇಕು, ಸ್ವಲ್ಪ ಹೊತ್ತು ಹರಿಯಬಿಟ್ಟು, ಬಾಟಲಿಯನ್ನು ಅದೇ ನೀರಿನಲ್ಲಿ ಗಲಬರಿಸಿ ಚೆಲ್ಲಿ ತುಂಬಬೇಕು. ಮೋಟರೇ ಓಡದಿದ್ದರೆ ಎಲ್ಲಿಂದ ಹಿಡಿಯಲಿ?

"ಅದಕ್ಯಾಕ ಚಿಂತಿ ಮಾಡ್ತೀರಿ ಅಕ್ಕಾರ? ಬರ್ರಿ, ಕುಂತ್ಕೋರಿ," ಎಂದಳು ಭಾಭಿ. "ನಸಕಿನ್ಯಾಗ ಮೋಟರ್ ಚಾಲೂ ಮಾಡಿದ್ರು. ನಿಮ್ಮ ಸಲವಾಗೇ ಒಂದು ಕೊಡ ತುಂಬಿ ಮುಚ್ಚಿ ಇಟ್ಟೇನಿ."

ಸ್ಟೀಲಿನ ಕೊಡ, ಮೇಲೊಂದು ತೊಳೆದ ತಾಟು. ತಾಟು ಸರಿಸಿದರೆ ತಳದವರೆಗೂ ಕಾಣುವ ತಿಳಿ ನೀರು. ಆಗಿನ್ನೂ ಕೊರೆದ ಬೋರಿನ ನೀರು ಅಷ್ಟು ತಿಳಿ ಇದ್ದದ್ದೇ ಒಂದು ಸೋಜಿಗ. ನನಗೆ ಮಾತ್ರ ಆಗ ಅದು ಶುಭಶಕುನದ ಹಾಗೆ ಕಂಡಿತು.

ಅಡುಗೆಕೋಣೆಯ ಕಿಟಕಿಯ ಕಟ್ಟೆ ಒರೆಸಿ ಮೂರು ಟ್ಯೂಬು ಸಾಲಾಗಿ ನಿಲ್ಲಿಸಿದೆ. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದ ರೂಢಿ, ಮೊದಲು ಚೀಟಿ, ಆಮೇಲೆ ನೀರು. ಒಂದರಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಒಂದರಲ್ಲಿ ಹಳೇ ಬೋರಿನದು, ಒಂದರಲ್ಲಿ ಹೊಸ ಬೋರಿನದು. ಮೂರಕ್ಕೂ ಗೆರೆಯವರೆಗೆ ತುಂಬಿ, ಕೆಂಪು ಔಷಧವನ್ನು ಎಣಿಸಿ ಹನಿಸಿ, ಬಿರಡೆ ಹಾಕಿ ಮೆಲ್ಲಗೆ ತಿರುವಿ ಐದು ನಿಮಿಷ ಕಾಯಬೇಕು. ಫ್ಲೋರೈಡ್ ಇಲ್ಲದ ನೀರಿನಲ್ಲಿ ಗುಲಾಬಿಗೆಂಪು ಹಾಗೇ ನಿಲ್ಲುತ್ತದೆ. ಫ್ಲೋರೈಡ್ ಹೆಚ್ಚಿದಂತೆ ಕೆಂಪು ಕೇಸರಿಯಾಗುತ್ತದೆ, ಕೇಸರಿ ಹಳದಿಯಾಗುತ್ತದೆ. ಕಾರ್ಡಿನಲ್ಲಿ ಅವೇ ಬಣ್ಣಗಳು ಮೆಟ್ಟಿಲು ಮೆಟ್ಟಿಲಾಗಿವೆ.

ಹಳೇ ಬೋರಿನದು ನೋಡನೋಡುತ್ತ ಹಳದಿಗಿಳಿಯಿತು. ಹೊಸ ಬೋರಿನದು ಕೆಂಪಗೇ ನಿಂತಿತು, ಡಿಸ್ಟಿಲ್ಡ್ ನೀರಿನ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಚೀಟಿ ನೋಡಿಯೇ ಹೇಳಬೇಕು.

ಅಷ್ಟರಲ್ಲಿ ಬೋರು ಕೊರೆಸಿದ ಇಂಜಿನಿಯರ್ ಸಾಹೇಬರ ಫೋನು. "ಹೆಂಗೈತ್ರಿ ಮೇಡಂ?"

"ಕೆಂಪೈತ್ರಿ."

"ಕೆಂಪಂದ್ರ ಚಲೋನೋ, ಕೆಟ್ಟೋ?"

"ಚಲೋರಿ."

"ಮುಗೀತ ಬಿಡ್ರಿ! ಸೋಮವಾರ ಪೂಜಾ ಮಾಡಿ ಸಾಲಿ ನಳಕ್ಕ ಜೋಡಿಸಿಬಿಡೂಣು. ಪೂಜಾದ ಪತ್ರಿಕಾ ಮದಲ ಹಂಚೇವಿ."

ಭಾಭಿ ಎರಡೂ ಕೈ ಮೇಲೆತ್ತಿ ಅಲ್ಲಾಹನಿಗೆ ಶುಕ್ರಿಯಾ ಹೇಳಿ, ಬಲಗೈಯಿಂದ ಎಡಹೆಗಲನ್ನು ತಟ್ಟಿಕೊಂಡಳು. "ಇವತ್ತ ಈ ಹೆಗಲಿಗೆ ಪೆನ್ಶನ್ ಬಂತು ನೋಡ್ರಿ ಅಕ್ಕಾರ!"

ನೀರು ಬಿಡುವ ವಾಟರ್‌ಮನ್ ಕಾಕಾ ಬಾಗಿಲಲ್ಲೇ ನಿಂತಿದ್ದ. "ಹೆಗಲಿನ ಜೋಡೀನ ಬಾಯಿಗೂ ಪೆನ್ಶನ್ ಕೊಟ್ಟಬಿಡವಾ. ಊರಿಗೆ ಆರಾಮ ಆಕ್ಕೈತಿ."

"ನಿನ್ನ ಬಾಯಿಗೆ ಚಹಾ ಹಾಕೂದ ಬಂದ್ ಮಾಡ್ತೇನಿ, ತಡಿ," ಎನ್ನುತ್ತಲೇ ಆಕೆ ಶುಂಠಿ ಜಜ್ಜಿ ಚಹಾಕ್ಕಿಟ್ಟಳು.

ಚಹಾ ಕುಡಿದೆವು. ಮಕ್ಕಳ ಊಟವಾಯಿತು, ತಾಟುಗಳ ಸಪ್ಪಳವೂ ನಿಂತಿತು. ಟ್ಯೂಬು ತೊಳೆದು ಮನೆಗೆ ಹೊರಡೋಣವೆಂದು ಕಿಟಕಿಯ ಹತ್ತಿರ ಹೋದರೆ, ಕೊನೆಯ ಟ್ಯೂಬು ಯಾಕೋ ಕಳೆಗುಂದಿದ ಹಾಗೆ ಕಂಡಿತು. ಬಿಸಿಲು ಬಿದ್ದು ಹಾಗೆ ಕಾಣುತ್ತಿದೆಯೇನೋ ಎಂದು ಬಿಳೀ ಗೋಡೆಯ ಎದುರು ಹಿಡಿದೆ. ಬಿಸಿಲಿನ ಆಟವಲ್ಲ. ಡಿಸ್ಟಿಲ್ಡ್ ನೀರು ಇನ್ನೂ ಗುಲಾಬಿಯಾಗಿತ್ತು. ಹೊಸ ಬೋರಿನದು ಮಾತ್ರ ಮುತ್ತುಗದ ಹೂವಿನ ಹಾಗೆ ಕೇಸರಿಯ ಕಡೆಗೆ ತಿರುಗಿತ್ತು.

ಹನಿ ಹೆಚ್ಚುಕಮ್ಮಿ ಹಾಕಿದೆನೆ? ಟ್ಯೂಬಿನ ತಳದಲ್ಲಿ ಮುಂಚಿನದೇನಾದರೂ ಅಂಟಿತ್ತೆ? ಯಾರಿಗೂ ಏನೂ ಹೇಳದೆ, ಎಲ್ಲ ತೊಳೆದು, ಕೊಡದಲ್ಲಿ ಉಳಿದ ನೀರಿನಲ್ಲೇ ಇನ್ನೊಮ್ಮೆ ಮಾಡಿದೆ. ಐದು ನಿಮಿಷಕ್ಕೆ ಚೆಂದದ ಕೆಂಪು. ಈ ಸಲ ಅಲ್ಲಿಯೇ ಮಣೆಯ ಮೇಲೆ ಕುಳಿತೆ, ಒಲೆಯ ಮೇಲೆ ಹಾಲಿಟ್ಟವರ ಹಾಗೆ ಕಣ್ಣು ಕದಲಿಸದೆ. ಕೆಂಪು ಹನಿ ಹನಿಯಾಗಿ ಸೋರಿ ಹೋದಂತೆ ಇಳಿಯತೊಡಗಿತು.

"ಭಾಭಿ, ಈ ಕೊಡದ ನೀರಿಗೆ ಏನರ ಹಾಕೀರೇನ್ರಿ?"

"ಏನೂ ಇಲ್ರಿ. ಖುದಾನ ಆಣಿ, ಬರೇ ನೀರು."

ಕೊಡದೊಳಗೆ ಇಣುಕಿದೆ. ನೀರು ಕಡಿಮೆಯಾಗಿ ತಳ ಹತ್ತಿರ ಬಂದಿತ್ತು. ಅಲ್ಲಿ ಹಿಂಜಿದ ಅರಳೆಯಂಥ ಬೆಳ್ಳನೆಯ ಗಸಿ. ಕೊಡದ ಕಂಠಕ್ಕೆ ಒಣಗಿದ ಬಿಳೀ ಗೆರೆ. "ಮತ್ತ ಈ ಗಸಿ?"

"ಅದಾ? ಅದ ಪಟಿಕದ್ದರಿ. ಅದೇನ್ ಹಾಕಿದಂಗ ಅಲ್ಲಲ್ರಿ, ಒಂದೀಟು ತಿರುವಿದ್ದು ಅಷ್ಟ."

ಪಟಿಕವೆಂದರೆ ಕ್ಷೌರದ ಅಂಗಡಿಯಲ್ಲಿ ಗದ್ದಕ್ಕೆ ತಿಕ್ಕುವ ಅದೇ ಬಿಳೀ ಹಳ್ಳು. ರಾಡಿ ನೀರಿನಲ್ಲಿ ನಾಲ್ಕು ಸುತ್ತು ತಿರುವಿಟ್ಟರೆ ಕೆಸರು ತಳಕ್ಕಿಳಿದು ಮೇಲೆ ತಿಳಿಯಾಗುತ್ತದೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಉಪ್ಪು ಎಣ್ಣೆಯಷ್ಟೇ ಸಹಜ. ಅದನ್ನು ಯಾರೂ 'ಹಾಕಿದ್ದು' ಎಂದು ಎಣಿಸುವುದೇ ಇಲ್ಲ.

"ಹೊಸಾ ಬೋರಿನ ನೀರು ಸುಣ್ಣ ಕಲಿಸಿದಂಗ ಇತ್ತರಿ ಅಕ್ಕಾರ," ಭಾಭಿಯ ದನಿ ಸಣ್ಣಗಾಯಿತು. "ನೀವು ನೋಡಾಕ ಬರೂವಾಗ ಅಂಥಾ ರಾಡಿ ಮುಂದ ಇಡಲೇನು? ಮಂದಿ ಏನಂದಾರು? ಅದಕ್ಕ ಇವತ್ತ ಜರಾ ಜಾಸ್ತೀನ ತಿರಿವೇನಿ. ತಪ್ಪಾತೇನ್ರಿ?"

ಮನೆಗೆ ಬಂದವರಿಗೆ ಇದ್ದುದರಲ್ಲಿ ಒಳ್ಳೆಯ ನೀರು ಕೊಡುವುದು ತಪ್ಪೆಂದು ನಾನು ಯಾವ ಬಾಯಿಂದ ಹೇಳಲಿ?

"ತಪ್ಪೇನಿಲ್ರಿ. ಆ ಹಳ್ಳು ಇಲ್ಲಿ ಕೊಡ್ರಿ," ಎಂದೆ.

ಹಳೇ ಬೋರಿನ ನೀರಿನ ಗುಣ ಎಲ್ಲರಿಗೂ ಗೊತ್ತಿತ್ತಲ್ಲ, ಅದನ್ನೇ ಒಂದು ತಂಬಿಗೆ ತರಿಸಿದೆ. ಅರ್ಧ ಬೇರೆ ಪಾತ್ರೆಗೆ ಸುರುವಿ ಅದರಲ್ಲಿ ಪಟಿಕ ತಿರುವಿದೆ. ಎರಡನ್ನೂ ಟ್ಯೂಬಿಗೆ ಹಾಕಿ ಔಷಧ ಹನಿಸಿದೆ. ಪಟಿಕ ಮುಟ್ಟದ ನೀರು ಎಂದಿನಂತೆ ಹಳದಿ. ಪಟಿಕ ತಿರುವಿದ್ದು ಕೆಂಪು!

ವಾಟರ್‌ಮನ್ ಕಾಕಾ ತೊಡೆ ತಟ್ಟಿದ. "ಹಂಗಾದ್ರ ಬಗೀಹರೀತಲ್ರೀ ಅಕ್ಕಾರ! ಹಳೇ ಬೋರಿಗೇ ಒಂದು ಚೀಲ ಪಟಿಕ ಒಗದಬಿಟ್ರಾತು. ಹೊಸಾದ್ಯಾಕ ಕೊರಸ್ಬೇಕಾಗಿತ್ತು?"

"ತಡೀರಿ ಕಾಕಾ. ನಿಂತು ನೋಡ್ರಿ."

ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಅದರ ಕೆಂಪೂ ಇಳಿಯತೊಡಗಿತು. ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. "ಇದೇನ್ರಿ, ಗಾರುಡಿ ಆಟ ಆತಲ್ಲ!"

"ಬುಟ್ಟಿ ಮುಚ್ಚಿದ್ರ ಹಾವು ಹೋದಂಗ ಆಗೂದಿಲ್ರಿ ಕಾಕಾ," ಎಂದೆ. ಅಂದೆನೇ ಹೊರತು ಯಾಕೆ ಹೀಗಾಗುತ್ತದೆಂದು ನನಗೂ ತಿಳಿದಿರಲಿಲ್ಲ. ತಿಳಿದದ್ದು ಇಷ್ಟೇ: ಪಟಿಕ ಇದ್ದಲ್ಲಿ ಐದು ನಿಮಿಷದ ಕೆಂಪನ್ನು ನಂಬುವ ಹಾಗಿಲ್ಲ.

ಸಾಲಿಯ ಹಿಂದಿನ ಬೇವಿನ ಮರದ ಕೆಳಗೆ ನಿಂತು ಇಂಜಿನಿಯರ್ ಸಾಹೇಬರಿಗೆ ಫೋನು ಹಚ್ಚಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡು, ಆಮೇಲೆ ಕೇಳಿದರು: "ಮೇಡಂ, ಪುಸ್ತಕದಾಗ ಏನೈತಿ? ಐದು ನಿಮಿಷಕ್ಕ ನೋಡ್ರಿ ಅಂತ ಐತಿ. ಐದು ನಿಮಿಷಕ್ಕ ಕೆಂಪಿತ್ತೋ ಇಲ್ಲೋ?"

"ಇತ್ತರಿ."

"ಮತ್ತ ಅರ್ಧ ತಾಸಿನ ಮ್ಯಾಲ ನೋಡ್ರಿ ಅಂತ ನಿಮಗ ಹೇಳ್ದವರ ಯಾರು?"

"ಯಾರೂ ಹೇಳಿಲ್ರಿ. ಟ್ಯೂಬು ತೊಳ್ಯಾಕ ಹೋಗಿದ್ದೆ."

ಆ ಕಡೆ ಒಂದು ಉಸಿರು ಬಿಟ್ಟ ಸಪ್ಪಳ. "ಊರ ಹಿರೇರಿಗೆಲ್ಲಾ ಹೇಳಿ ಕಳಿಸೇವಿ. ಈಗ ಹೆಂಗ ಹಿಂದ ಸರಿಯೂದು?"

ನಾನು ಜೋರಾಗಿ ಮಾತಾಡುವವಳಲ್ಲ. ವಾದಕ್ಕೆ ನಿಂತು ಗೆದ್ದ ನೆನಪೂ ಇಲ್ಲ. ಆದರೆ 'ಚಲೋರಿ' ಎಂಬ ಮಾತು ನನ್ನ ಬಾಯಿಂದ ಹೊರಟಿತ್ತು, ಅದರ ಮೇಲೆಯೇ ಸೋಮವಾರದ ಪೂಜೆ ನಿಂತಿತ್ತು. ಭಾಭಿಯ ಸಣ್ಣಾಕೆಗೆ ಮುಂದಿನ ಹಾಲುಹಲ್ಲು ಬಿದ್ದು, ಹೊಸ ಹಲ್ಲಿನ ಅಂಚು ಆಗಷ್ಟೇ ಅಕ್ಕಿಕಾಳಿನಷ್ಟು ಕಾಣುತ್ತಿತ್ತು. "ಸಾಹೇಬ್ರ, ಚಲೋ ಅಂತ ನಾ ಹೇಳಿದ್ದ ಮಾತ ಹಿಂದ ತಗೋತೇನ್ರಿ," ಎಂದೆ. "ಲ್ಯಾಬಿನ್ಯಾಗ ತೋರಿಸಿಕೊಂಡು ಬರೂತನಕ ಜೋಡಿಸಬ್ಯಾಡ್ರಿ."

"ಸೋಮವಾರದೊಳಗ ತರ್ರಿ ಮತ್ತ. ಇಲ್ಲಂದ್ರ ನಾ ಜೋಡಸ್ತೇನಿ."

ಮರುದಿನ ಕರೆಂಟು ಬರುವ ಮೊದಲೇ ಬೋರಿನ ಹತ್ತಿರ ಹೋಗಿ ನಿಂತೆ. ನೀರು ಬಂದಾಗ ಭಾಭಿ ಹೇಳಿದಂತೆ ಸುಣ್ಣದ ತಿಳಿಯ ಬಣ್ಣ. ಹರಿಯಬಿಟ್ಟು ಬಾಟಲಿಗೆ ಹಿಡಿದೆ. ಮನೆಗೆ ತಂದು ಏನೂ ಮುಟ್ಟಿಸದೆ, ತಾನಾಗಿ ತಿಳಿಯಾಗಲಿ ಎಂದು ಮುಚ್ಚಿಟ್ಟೆ. ತಿಳಿಯಾದ ಮೇಲೆ ಔಷಧ ಹನಿಸಿದರೆ ಕೇಸರಿಯಲ್ಲಿ ನಿಲ್ಲದೆ ಹಳದಿಯ ಹೊಸ್ತಿಲಿಗೆ ಹೋಗಿ ನಿಂತಿತು. ಮನೆಯವರು ಹಲ್ಲುಜ್ಜುತ್ತ ಬಂದು ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ. "ಬಸ್ಸಿಗೆ ಬಿಟ್ಟು ಬರ್ತೇನಿ, ತಯಾರಾಗು," ಎಂದರು.

ನನ್ನ ತವರು ಬೈಲಹೊಂಗಲ. ನಮ್ಮ ಅಣ್ಣನ ಮನೆಯ ಪಕ್ಕದಲ್ಲಿರುವ ಒಬ್ಬ ಮೇಡಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಅವರಲ್ಲಿ ಫ್ಲೋರೈಡ್ ಅಳೆಯುವ ಯಂತ್ರವಿದೆ ಎಂದು ಅತ್ತಿಗೆಯಿಂದ ಕೇಳಿದ್ದೆ. ಪಟಿಕ ತಿರುವಿದ ಕೊಡದ ನೀರು, ನೇರ ಬೋರಿನಲ್ಲಿ ಹಿಡಿದ ನೀರು, ಹಳೇ ಬೋರಿನ ನೀರು, ಮೂರನ್ನೂ ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಕೊಂಡೆ. ಫ್ಲೋರೈಡಿಗೆ ಗಾಜಿನ ಬಾಟಲಿ ಆಗದು, ಅದು ಗಾಜನ್ನೂ ಬಿಡುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದು ನೆನಪಿತ್ತು. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗಲೂ ಕೈಚೀಲವನ್ನು ನೆಲಕ್ಕಿಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದನ್ನು ನೋಡಿ ಕಂಡಕ್ಟರ್ ಕೇಳಿದ, "ಏನ್ರಿ ಅಕ್ಕಾರ, ಕಾಶಿಯಿಂದ ಬರಾಕ್ಹತ್ತೀರೇನು?"

ಕಾಲೇಜಿನ ಲ್ಯಾಬಿನಲ್ಲಿ ಮೇಡಂ ನನ್ನ ಮಾತನ್ನೆಲ್ಲ ಕೇಳಿದರು. ಪಟಿಕದ ಮಾತು ಬಂದೊಡನೆ ಗಲ್ಲದ ಮೇಲಿಂದ ಕೈ ತೆಗೆದು ನಕ್ಕುಬಿಟ್ಟರು.

"ನಿಮ್ಮ ಡಬ್ಬಿಯೊಳಗಿನ ಕೆಂಪಿನ ಕುಲ ಯಾವುದು ಗೊತ್ತದ ಏನು? ಮಂಜಿಷ್ಠದ ಬೇರು. ಹಿಂದಕ್ಕ ಬಣ್ಣಗಾರರು ಬಟ್ಟಿ-ಅರಿವಿಗೆ ಕೆಂಪು ಹಾಕತಿದ್ದದ್ದು ಅದರಿಂದನ. ಬರೇ ಬೇರಿನ ನೀರಾಗ ಅದ್ದಿದ್ರ ಬಣ್ಣ ಒಂದ ಒಗತಕ್ಕ ಹೋಗತದ. ಅದಕ್ಕ ಮದಲ ಪಟಿಕದ ನೀರಾಗ ಅದ್ದತಿದ್ರು. ಪಟಿಕದೊಳಗಿನ ಅಲ್ಯೂಮಿನಿಯಂ ಬಣ್ಣಾನ ಬಿಗಿಯಾಗಿ ಹಿಡಕೋತದ. ಮುಂದ ರಸಾಯನದವರು ಅದನ್ನೇ ತಿರುವಿ ಹಾಕಿದ್ರು. ಬಣ್ಣ ನೋಡಿ ಒಳಗ ಯಾವ ಲೋಹ ಅದ, ಅದನ್ನ ಯಾರು ಕಸಕೊಂಡ್ರು ಅಂತ ಪತ್ತೆ ಹಚ್ಚಾಕ ಶುರು ಮಾಡಿದ್ರು. ಅಕ್ಕಸಾಲಿಗನ ಒರೆಗಲ್ಲು, ಬಣ್ಣಗಾರನ ಹಂಡೆ, ನಮ್ಮ ವಿದ್ಯಾದ ಹಿರೇರು ಅವರ."

ಆಮೇಲೆ ಬೋರ್ಡಿಗೆ ಹೋಗದೆ, ಮೇಜಿನ ಮೇಲಿದ್ದ ಬಳಪ, ರಬ್ಬರು, ಪೆನ್ನಿನ ಮುಚ್ಚಳ ಇಟ್ಟು ತೋರಿಸಿದರು. ನನ್ನ ಟ್ಯೂಬಿನ ಔಷಧದಲ್ಲಿ ಜಿರ್ಕೋನಿಯಂ ಎಂಬ ಲೋಹ ಬಣ್ಣದ ಕೈಹಿಡಿದು ಕೂತಿರುತ್ತದೆ, ಅದಕ್ಕೇ ಕೆಂಪು. ಫ್ಲೋರೈಡ್ ಬಂದರೆ ಆ ಲೋಹವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಕೆಂಪು ಇಳಿಯುತ್ತದೆ. ನೀರಿನಲ್ಲಿ ಮೊದಲೇ ಪಟಿಕವಿದ್ದರೆ? ಫ್ಲೋರೈಡಿಗೆ ಅಲ್ಯೂಮಿನಿಯಂ ಮೇಲೆ ಬಹಳ ಪ್ರೀತಿ. ಅದನ್ನು ತಬ್ಬಿಕೊಂಡು ಕೂತು ಜಿರ್ಕೋನಿಯಂ ತಂಟೆಗೇ ಹೋಗುವುದಿಲ್ಲ. ನೋಡುವವರಿಗೆ ಕೆಂಪು ಕೆಂಪೇ. ಔಷಧದಲ್ಲಿ ಆಮ್ಲವಿರುವುದರಿಂದ ಹೊತ್ತು ಹೋದಂತೆ ಆ ಅಪ್ಪುಗೆ ಸಡಿಲಾಗುತ್ತದೆ. ಅದಕ್ಕೇ ನನ್ನ ಟ್ಯೂಬು ತಡವಾಗಿ ಬಣ್ಣ ಬಿಟ್ಟದ್ದು.

"ಹಂಗಂದ್ರ ಪಟಿಕ ಹಾಕಿದ್ರ ಫ್ಲೋರೈಡ್ ಹೋಗಂಗಿಲ್ಲ?"

"ಭಾಳ ಪಟಿಕ, ಸುಣ್ಣ ಹಾಕಿ, ಕಲಸಿ, ಗಸಿ ಕೂಡಿಸಿ ತಗಿಯೂ ಪದ್ಧತಿ ಅದ. ಅದಕ್ಕ ಲೆಕ್ಕಾ ಬ್ಯಾರೆ. ಕೈಯಾಗ ನಾಕ ಸುತ್ತು ತಿರುವಿದ್ರ ಫ್ಲೋರೈಡ್ ಮಾರಿ ಮುಚ್ಚಿಕೊಂಡು ಕೂಡತದ, ಅಷ್ಟ."

ಮೊದಲಿನವರು ಇಂಥ ನೀರನ್ನು ಆಮ್ಲದ ಜೊತೆ ಕಾಯಿಸಿ, ಭಟ್ಟಿ ಇಳಿಸಿ, ಫ್ಲೋರೈಡನ್ನು ಬೇರ್ಪಡಿಸಿಕೊಂಡೇ ಬಣ್ಣ ನೋಡುತ್ತಿದ್ದರಂತೆ. ದಿನವಿಡೀ ಕಾಯುವ ಕೆಲಸ. ಮೇಡಂ ಹತ್ತಿರ ಇದ್ದದ್ದು ಪೆನ್ನಿನಷ್ಟು ಉದ್ದದ ಒಂದು ಕಡ್ಡಿ, ಅದರ ತುದಿಯಲ್ಲಿ ಫ್ಲೋರೈಡನ್ನು ಮಾತ್ರ ಗುರುತು ಹಿಡಿಯುವ ಹರಳು. ನೀರಿಗೆ ಮೊದಲು ಒಂದು ಉಪ್ಪಿನ ದ್ರಾವಣ ಬೆರೆಸಿದರು. ಅದು ಅಲ್ಯೂಮಿನಿಯಮ್ಮನ್ನು ತಾನು ಹಿಡಿದುಕೊಂಡು ಫ್ಲೋರೈಡನ್ನು ಬಿಡಿಸುತ್ತದಂತೆ. ನಮ್ಮ ನೀರಿಗೆ ಕೈ ಹಚ್ಚುವ ಮೊದಲು, ಎಷ್ಟಿದೆಯೆಂದು ಗೊತ್ತಿರುವ ದ್ರಾವಣಗಳಲ್ಲಿ ಕಡ್ಡಿ ಅದ್ದಿ 'ಇದು ನಿಜ ಹೇಳತದೋ ಇಲ್ಲೋ' ಎಂದು ನೋಡಿಕೊಂಡರು. ಒಂದೊಂದು ಸಲ ಅದ್ದಿದ ಮೇಲೂ ತೊಳೆದು, ಕೂಸಿನ ಮೂಗು ಒರೆಸಿದಷ್ಟು ಮೆಲ್ಲಗೆ ಕಾಗದದಿಂದ ಒತ್ತಿ ತೆಗೆಯುತ್ತಿದ್ದರು. ಅಂಕಿ ಓಡಾಡಿ ಓಡಾಡಿ ಒಂದು ಕಡೆ ನಿಲ್ಲುವತನಕ ಇಬ್ಬರೂ ಅದನ್ನೇ ನೋಡುತ್ತ ನಿಂತಿದ್ದೆವು.

ಲೀಟರಿಗೆ ಒಂದೂವರೆ ಮಿಲಿಗ್ರಾಮಿನ ಮೇಲೆ ಹೋದರೆ ಕುಡಿಯಬಾರದು. ನೇರ ಬೋರಿನಲ್ಲಿ ಹಿಡಿದದ್ದು ಮೂರರ ಹತ್ತಿರ. ಕನ್ನಡಿಯಂಥ ತಿಳಿ ನೀರು, ಪಟಿಕ ತಿರುವಿದ್ದು, ಅದೂ ಮೂರರ ಹತ್ತಿರ.

ಇಂಜಿನಿಯರ್ ಸಾಹೇಬರು ಫೋನಿನಲ್ಲಿ ಅಂಕಿ ಕೇಳಿ ಬರೆದುಕೊಂಡರು. ಆಮೇಲೆ, "ಹೋಗ್ಲಿ ಬಿಡ್ರಿ ಮೇಡಂ. ಜೋಡಿಸಿದ ಮ್ಯಾಲ ಗೊತ್ತಾಗಿದ್ರ ಮಂದಿ ನನ್ನ ಕಂಬಕ್ಕ ಜೋಡಸ್ತಿದ್ರು," ಎಂದರು. ಅವರು ನಕ್ಕದ್ದು ಕೇಳಿ ಅರ್ಧ ಭಾರ ಇಳಿಯಿತು.

ಇಳಿದದ್ದು ಭಾಭಿಯ ಮುಂದೆ ನಿಂತಾಗ ಮತ್ತೆ ಏರಿತು. ನಾನು ಹೇಳಿದ್ದನ್ನು ಕೇಳಿ ಆಕೆ ಸಿಂಬೆ ಸುತ್ತಿ ಹೆಗಲ ಮೇಲಿಟ್ಟುಕೊಂಡಳು. ಕೊಡ ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದಳು.

"ಒಂದ ಮಾತ ಕೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ. ಅವತ್ತ ನೀವು ಆ ಟ್ಯೂಬು ತೊಳೀಲಾರದ ಹಂಗ ಬಿಟ್ಟು ಮನೀಗೆ ಹೋಗಿದ್ರ ಏನಾಕ್ಕಿತ್ತು?"

"ನಿಮ್ಮ ಸಣ್ಣಾಕಿ ದಿನಾ ಅದ ನೀರು ಕುಡೀತಿದ್ಲು."

"ದೊಡ್ಡಾಕಿ ನಗೂವಾಗ ದುಪಟ್ಟಾ ಬಾಯಿಗೆ ಹಿಡೀತಾಳ, ನೋಡೀರಿಲ್ಲೋ? ಕ್ಲಾಸಿನ್ಯಾಗ ಫೋಟೋ ತಗದ್ರೂ ಹಂಗ. ಹಲ್ಲಿನ ಮ್ಯಾಲಿನ ಕಂದು ಕಲೆ ತಿಕ್ಕಿ ತಿಕ್ಕಿ ರಕ್ತಾ ಬಂತು, ಕಲೆ ಹೋಗಲಿಲ್ಲ." ಕೊಡವನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. "ಮತ್ತ ನೀರು ಹೊರತೇನಿ ಬಿಡ್ರಿ. ಹೆಗಲ ಏನ್ ಹೊಸಾದಲ್ಲ."

ಮರುದಿನ ಮಾವನವರು ಕಟ್ಟೆಯ ಮೇಲೆ ಕುಳಿತು ಹುರಿದ ಕಡಲೆ ತಿನ್ನುತ್ತಿದ್ದರು. ಕಟುಂ ಕಟುಂ ಎಂದು ಒಳಗಿನವರೆಗೂ ಕೇಳುತ್ತಿತ್ತು. ಚಹಾ ಕೊಡಲು ಹೋದವಳು ಅವರ ಬಾಯಿ ನೋಡುತ್ತ ನಿಂತುಬಿಟ್ಟೆ. ಎಲೆಅಡಿಕೆಯ ಕೆಂಪು ಅಂಚಿಗಿತ್ತು, ನಿಜ. ಹಲ್ಲಿನ ಮೈ ಮಾತ್ರ ಬೆಳ್ಳಗೆ, ನುಣ್ಣಗೆ. ಅವರು ಇದೇ ಊರಲ್ಲಿ ಹುಟ್ಟಿ ಬೆಳೆದವರು. ಅವರ ಮಗನ, ಎಂದರೆ ನಮ್ಮ ಮನೆಯವರ, ಹಲ್ಲಿನಲ್ಲಿ ಕಂದು ಪಟ್ಟಿ ಇದೆ.

"ಮಾವಾರ, ಸಣ್ಣಾವ್ರಿದ್ದಾಗ ಎಲ್ಲಿ ನೀರು ಕುಡೀತಿದ್ರಿ?"

"ಎಲ್ಲೀದಂದ್ರ? ಸಾಲಿ ಹಿಂದಿನ ಭಾವೀದು. ಆವಾಗ ಬೋರ್ ಎಲ್ಲಿದ್ದೂವು?"

"ನಿಮ್ಮ ವಾರಗಿಯವರ ಹಲ್ಲೂ ಹಿಂಗ ಅದಾವೇನ್ರಿ?"

"ಇದ್ದವರ ಹಲ್ಲು ಚಲೋನ ಅದಾವ. ಉದರಿ ಹೋದವರ ಹಲ್ಲಿಂದು ನನಗೇನ್ ಗೊತ್ತವಾ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಯಾಕ, ಪೆಟಗಿಯೊಳಗ ಈಗ ಹಲ್ಲೂ ಪರೀಕ್ಷಾ ಮಾಡೂದು ಬಂತೇನು?"

ಆ ಭಾವಿ ಇನ್ನೂ ಇತ್ತು. ನಳ ಬಂದ ಮೇಲೆ ಯಾರೂ ಬಳಸದೆ, ಮಕ್ಕಳು ಬಿದ್ದಾರೆಂದು ಕಬ್ಬಿಣದ ಜಾಳಿಗೆ ಹಾಕಿ ಮುಚ್ಚಿದ್ದರು. ಕಾಕಾ ಒಂದು ಮೂಲೆಯ ಜಾಳಿಗೆ ಎತ್ತಿ ಬಕೆಟ್ಟು ಇಳಿಬಿಟ್ಟ. ಬೇವಿನೆಲೆ ತೇಲುತ್ತಿದ್ದ ನೀರು ಮೇಲೆ ಬಂತು. ಭಾಭಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಳು. "ನೋಡ್ಕೋರಿ ಅಕ್ಕಾರ, ನಾ ಮುಟ್ಟಿಲ್ರಿ. ಪಟಿಕಾನೂ ಮನ್ಯಾಗ ಬಿಟ್ಟು ಬಂದೇನಿ."

"ಬಾಯೂ ಅಲ್ಲೇ ಬಿಟ್ಟು ಬರಬೇಕಿತ್ತು," ಎಂದ ಕಾಕಾ.

ಔಷಧ ಹನಿಸಿದೆ. ಕೆಂಪು. ಆದರೆ ಡಿಸ್ಟಿಲ್ಡ್ ನೀರಿನಷ್ಟು ಅಲ್ಲ, ಅದಕ್ಕಿಂತ ಒಂದು ಛಾಯೆ ಕಡಿಮೆ. ಆ ಒಂದು ಛಾಯೆ ಕಂಡೇ ನನಗೆ ಧೈರ್ಯ ಬಂದದ್ದು. ನೆಲದೊಳಗಿನ ನೀರಿನಲ್ಲಿ ಫ್ಲೋರೈಡ್ ಚೂರಾದರೂ ಇರಲೇಬೇಕು. ಪೂರಾ ಇಲ್ಲವೆಂದರೇ ಅನುಮಾನ. ಐದು ನಿಮಿಷಕ್ಕೆ ಯಾರೂ ಏಳಲಿಲ್ಲ. ಭಾಭಿ, ಕಾಕಾ, ನಾನು, ಮೂವರೂ ಅಡುಗೆಕೋಣೆಯಲ್ಲಿ ಆ ಟ್ಯೂಬಿನ ಮುಂದೆ ಮದುವೆ ಹೆಣ್ಣು ನೋಡಲು ಬಂದವರ ಹಾಗೆ ಕುಳಿತೆವು. ಬಿಸಿಲು ಕಿಟಕಿಯಿಂದ ನೆಲಕ್ಕಿಳಿಯಿತು. ಕೆಂಪು ಅಲುಗಲಿಲ್ಲ.

ಆದರೂ ಕೆಲಸ ಮುಗಿದಿರಲಿಲ್ಲ. ಪೆಟ್ಟಿಗೆಯಲ್ಲಿ ಹೊಲಸಿನ ಕ್ರಿಮಿ ಇದೆಯೋ ನೋಡುವ ಸಣ್ಣ ಬಾಟಲಿಯೂ ಇರುತ್ತದೆ. ಅದರಲ್ಲಿ ಭಾವಿಯ ನೀರು ತುಂಬಿ ಬೆಚ್ಚಗೆ ಒಲೆಯ ಮಗ್ಗುಲಿಗಿಟ್ಟೆ. ಮರುದಿನ ನೋಡಿದರೆ ಕಪ್ಪು, ಅಂದರೆ ಕ್ರಿಮಿ ಇದೆ. ವರ್ಷಗಟ್ಟಲೆ ಎಲೆ ಕೊಳೆತ ಭಾವಿ, ಇನ್ನೇನಾದೀತು? ಮುಂಚಿನ ಹಾಗೆ ನಾನು ಹೆದರಲಿಲ್ಲ. ಫ್ಲೋರೈಡ್ ಕಲ್ಲಿನದು, ತೊಳೆದರೆ ಹೋಗದು. ಇದು ಕಸದ್ದು, ತೊಳೆದರೆ ಹೋಗುತ್ತದೆ.

ಊರ ಗಂಡಸರು ಎಂಜಿನ್ನು ಹಚ್ಚಿ ಭಾವಿಯ ನೀರು ಬತ್ತಿಸಿದರು, ಹೂಳು ಎತ್ತಿದರು. ಎಲ್ಲಿಂದಲೋ ಒಂದು ಹಿತ್ತಾಳೆ ಚರಿಗೆಯೂ ಬುಟ್ಟಿಗಟ್ಟಲೆ ಚೆಂಡುಗಳೂ ಬಂದವು. ಹೊಸ ಸೆಲೆ ಏರಿದ ಮೇಲೆ ಬ್ಲೀಚಿಂಗ್ ಪೌಡರ್ ಕಲಸಿ ಬಿಟ್ಟು, ಆ ನೀರನ್ನೂ ಹೊರಹಾಕಿ, ಮತ್ತೆ ಏರಲು ಬಿಟ್ಟರು. ಎರಡನೆಯ ಸಲ ಇಟ್ಟ ಬಾಟಲಿ ಕಪ್ಪಾಗಲಿಲ್ಲ. ಮತ್ತೊಂದು ಬಾಟಲಿ ನೀರು ಅಣ್ಣನ ಕೈಯಲ್ಲಿ ಬೈಲಹೊಂಗಲಕ್ಕೆ ಹೋಯಿತು.

ಮೇಡಂ ಫೋನು ಮಾಡಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಎತ್ತಿದೆ. "ಸೊನ್ನೆ ಪಾಯಿಂಟ್ ಐದು," ಎಂದರು. ಇನ್ನೊಮ್ಮೆ ಹೇಳಿರಿ ಎಂದೆ. ಅವರು ನಗುತ್ತ ಇನ್ನೊಮ್ಮೆ ಹೇಳಿದರು. ಹೆಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂತು. ಅತ್ತೆಯವರು ಒಳಗಿನಿಂದ ಕೂಗಿದರು. ಸುಟ್ಟರೆ ಸುಡಲಿ ಎನ್ನಿಸಿತು. ಎಷ್ಟೋ ದಿನದಿಂದ ಎದೆಯ ಮೇಲೆ ಕುಳಿತಿದ್ದ ಗುಂಡುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿತ್ತು.

ಹೊಸ ಬೋರಿಗೆಂದು ತಂದಿದ್ದ ಪೈಪನ್ನೇ ಇಂಜಿನಿಯರ್ ಸಾಹೇಬರು ಭಾವಿಗೆ ತಿರುಗಿಸಿದರು. ಬೋರಿನ ನೀರು ಗಿಡಕ್ಕೆ, ಬಳಕೆಗೆ ಎಂದಾಯಿತು. ಈ ಸಲ ಪತ್ರಿಕೆ ಹಂಚಲಿಲ್ಲ, ಪೂಜೆಗೆ ಯಾರನ್ನೂ ಕರೆಯಲಿಲ್ಲ. ಕಾಕಾ ಒಂದು ತೆಂಗಿನಕಾಯಿ ಒಡೆದ, ಭಾಭಿ ಸಕ್ಕರೆ ಹಂಚಿದಳು, ಅಷ್ಟೇ.

ನಳ ತಿರುವಿದಾಗ ಮೊದಲು ಓಡಿ ಬಂದವಳು ಭಾಭಿಯ ಸಣ್ಣಾಕೆ. ಬೊಗಸೆ ಒಡ್ಡಿ ಕುಡಿದಳು. ಮೊಳಕೈಯಿಂದ ಇಳಿದ ನೀರು ಯೂನಿಫಾರ್ಮ್ ತೋಯಿಸಿತು. ಮೂಗಿಗೇರಿ ಕೆಮ್ಮಿದಳು, ಮತ್ತೆ ಬೊಗಸೆ ಒಡ್ಡಿದಳು.

"ಸಾಕ ಬಿಡ! ಹೊಟ್ಟಿ ಒಡದೀತು! ಅಂಗೀ ಎಲ್ಲಾ ತೋಯಿಸ್ಕೊಂಡ್ಯಲ್ಲ, ಶೈತಾನ!" ಭಾಭಿ ಬೈಯುತ್ತಲೇ ಇದ್ದಳು. ಬೈಯುತ್ತಲೇ ನಳದ ಚಾವಿಯನ್ನು ಇನ್ನಷ್ಟು ತಿರುವಿದಳು.